ಹಸಿ ವಾಸನೆ ಹೋಯ್ತಾ?

ಮಾರ್ಚ್ ೯, ಭಾನುವಾರ ಸಂಜೆ

ಮುದ್ದಿನ ಚಿನಕುರಳಿಗೆ,

ಅಮ್ಮನ ಆಶೀರ್ವಾದ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಬರೆದರೆ ನಿಜ ಬರೆಯಬೇಕಿತ್ತು, ನಿಜ ಏನೆಂದು ನನಗೇ ಗೊತ್ತಿರಲಿಲ್ಲ. ಇವತ್ತು ಗೊತ್ತಾಯಿತು. ಗಾಬರಿಯಾಗಬೇಡ, ಎಲ್ಲರೂ ಚೆನ್ನಾಗಿದ್ದೇವೆ.

ಡಿಪೋದಲ್ಲಿ ಬಸ್ಸು ರಿಪೇರಿ ಮಾಡುವಾಗ ಗುಂಡಿಗೆ ಬಿದ್ದು ತಲೆಗೆ ಪೆಟ್ಟಾದ ಮೇಲೆ ನಿಮ್ಮಪ್ಪ ಬೇರೆಯೇ ಮನುಷ್ಯರಾಗಿದ್ದರು. ಗಾಯ ಮಾಯಿತು, ಕೆಲಸಕ್ಕೂ ಹೋದರು. ತಟ್ಟೆಯ ಮುಂದೆ ಕೂತರೆ ಮಾತ್ರ ನಾಲ್ಕು ತುತ್ತು, ಅಷ್ಟೇ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಏನೋ ದೊಡ್ಡ ಕಾಯಿಲೆ ಮುಚ್ಚಿಡುತ್ತಿದ್ದಾರೆಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆದರೂ ಭಾನುವಾರದ ಖೀಮಾ ಮಾಡುವುದನ್ನು ನನಗೆ ಬಿಟ್ಟುಕೊಡಲಿಲ್ಲ. ಒಂದು ವಾರ ಮಸಾಲೆ ಸೀದು ಕಪ್ಪು. ಇನ್ನೊಂದು ವಾರ ನಿನ್ನ ಅಜ್ಜಿ, "ಏನೋ, ಉಪ್ಪಿಗೆ ಖೀಮಾ ಹಾಕಿದ್ದೀಯಾ?" ಎಂದು ಕೇಳಿಯೇಬಿಟ್ಟರು.

ಇವತ್ತು ಸ್ನಾನ ಮುಗಿಸಿ ಬರುತ್ತೇನೆ, ನಡುಮನೆಯವರೆಗೂ ಗ್ಯಾಸಿನ ವಾಸನೆ! ಅಪ್ಪ ಒಲೆಯ ಪಕ್ಕದಲ್ಲೇ ಆರಾಮಾಗಿ ಈರುಳ್ಳಿ ಹೆಚ್ಚಿ ಮುಗಿಸಿ ಲೈಟರಿಗೆ ಕೈ ಹಾಕುತ್ತಿದ್ದಾರೆ.

"ರೀ, ಮುಟ್ಟಬೇಡಿ!"

ನನ್ನ ಕೂಗಿಗೆ ಪಕ್ಕದ ಮನೆಯ ಟೈಲರಮ್ಮ ಓಡಿಬಂದರು. ಸಿಲಿಂಡರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಅಜ್ಜಿಯನ್ನು ಹೊರಗೆ ಕೂರಿಸಿದೆವು. ಅಪ್ಪ ಮೆಟ್ಟಿಲ ಮೇಲೆ ಕುಸಿದು ಕೂತರು.

"ನಂಗೆ ವಾಸನೆ ಗೊತ್ತಾಗಲ್ಲ ಕಣೇ. ಬಿದ್ದಾಗಿಂದ. ಯಾವುದೂ."

"ಮತ್ತೆ ಯಾಕ್ರೀ ಹೇಳ್ಲಿಲ್ಲ?"

"ಕ್ಲಚ್ ಸುಟ್ಟಿದ್ರೆ ಮೂಗಲ್ಲೇ ಹೇಳ್ತೀನಿ ಅಂತ ಡಿಪೋದಲ್ಲಿ ನಂಗೆ ಹೆಸರು. ಅದೇ ಹೋಯ್ತು ಅಂದ್ರೆ ಮೂಲೇಲಿ ಕೂರಿಸ್ತಾರೆ."

ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಇಷ್ಟೇನಾ? ನೀವೆಲ್ಲಿ ನನ್ನ ಬಿಟ್ಟು…" ಎನ್ನುತ್ತಾ ಅವರ ಪಕ್ಕದಲ್ಲೇ ಕೂತುಬಿಟ್ಟೆ. ಎಷ್ಟು ದಿನದ ಮೇಲೋ ಉಸಿರು ಸಲೀಸಾಗಿ ಆಡಿತು.

ಅಲ್ಲೇ ಕೂತು ಫೋರ್‌ಮನ್‌ಗೆ ಫೋನ್ ಮಾಡಿಸಿದೆ. "ಅಯ್ಯೋ, ನಂಗೆ ಬೇಕಾಗಿರೋದು ನಿನ್ನ ಕೈ ಕಣಯ್ಯ! ಮೂಗು ಬೇಕಾದ್ರೆ ನಂದೇ ಇದೆಯಲ್ಲ, ಇಷ್ಟುದ್ದ!" ಎಂದರಂತೆ.

ಮನೆಗೆ ಗಾಳಿಯಾಡಿದ ಮೇಲೆ ಮತ್ತೆ ಒಲೆ ಹಚ್ಚಿದೆವು. ಸೌಟು ಅವರದು, ಮೂಗು ನನ್ನದು.

"ಹಸಿ ವಾಸನೆ ಹೋಯ್ತಾ?"

"ಇಲ್ಲ, ಶುಂಠಿ ಇನ್ನೂ ಮೂಗಿಗೆ ಹೊಡೀತಿದೆ."

"ಈಗ?"

"ಈಗ ಹಾಕಿ."

ಖೀಮಾದ ನೀರು ಇಂಗಿ ಎಣ್ಣೆ ಬಿಡುವ ಸದ್ದು ಮಾತ್ರ ನನಗಿಂತ ಮೊದಲು ಅವರಿಗೇ ಕೇಳಿಸಿತು. ಅಜ್ಜಿ ಎರಡು ಸಲ ಬಡಿಸಿಕೊಂಡರು. ಅಪ್ಪನ ನಾಲಿಗೆಗೆ ಸಿಗುವುದು ಉಪ್ಪು, ಖಾರ, ಹುಳಿ ಅಷ್ಟೇ ಅಂತೆ, ಅದೂ ಮಂಕಾಗಿ. ಆದರೂ ತಟ್ಟೆ ಖಾಲಿ ಮಾಡಿ, "ಇನ್ನೊಂಚೂರು ಹಾಕು" ಎಂದರು.

ನಾಳೆ ಮೂಗಿನ ಡಾಕ್ಟರ ಹತ್ತಿರ ಹೋಗುತ್ತೇವೆ. ವಾಸನೆ ಬಂದರೆ ಬರಲಿ, ಬಾರದಿದ್ದರೆ ನಾನಿದ್ದೇನೆ. ಅಳಿಯಂದಿರಿಗೆ ನಮ್ಮ ಆಶೀರ್ವಾದ ಹೇಳು. ಕಂದನ ಎರಡೂ ಕೆನ್ನೆಗೆ ನನ್ನ ಮುತ್ತು. ಮೂವರೂ ನೂರು ಕಾಲ ತಣ್ಣಗಿರಿ.

ನಿನ್ನ
ಅಮ್ಮ

ತಾ. ಕ.: ಈಗಷ್ಟೇ ಪಾತ್ರೆ ಒರೆಸುತ್ತಾ ಅಪ್ಪ ಕೇಳಿದರು, "ಮಗು ನೆತ್ತಿ ವಾಸನೆ ಹೆಂಗಿರತ್ತೆ ಕಣೇ? ಮಗಳು ಕರ್ಕೊಂಡು ಬಂದಾಗ ಎಷ್ಟು ಸಲ ಮೂಸಿದೆ. ಏನೂ ಸಿಗಲಿಲ್ಲ." ನೀನು ಆ ದಿನ, "ಸಾಕು ಬಿಡಪ್ಪ, ಅವಳನ್ನ ತಿಂದೇಬಿಡ್ತೀಯ" ಎಂದು ನಕ್ಕಿದ್ದೆ. ಹಾಲು, ಬಿಸಿ ನೀರು, ಬಿಸಿಲಿಗೆ ಒಣಗಿದ ಬಟ್ಟೆ ಎಂದೆಲ್ಲ ಹೇಳಲು ಹೋಗಿ ನಾನು ಸೋತೆ. ನೀನು ಬರೆದು ತಿಳಿಸು. ಕಾಗದ ಅವರ ಹೆಸರಿಗೇ ಇರಲಿ.