ನೀನು ತಿನ್ನದ ಒಬ್ಬಟ್ಟು

ಸರೋಜಕ್ಕಾ,

ಆ ವರಮಹಾಲಕ್ಷ್ಮಿ ಹಬ್ಬ ನೆನಪಿದೆಯಾ? ಚಾಮರಾಜಪೇಟೆಯ ನಮ್ಮ ವಠಾರದ ಮುತ್ತೈದೆಯರೆಲ್ಲ ನಡುಮನೆಯಲ್ಲಿ ಕೂತಿದ್ದರು. ದೇವಿಯ ಮುಂದೆ ಒಬ್ಬಟ್ಟು, ನೈವೇದ್ಯ ಇನ್ನೂ ಆಗಿರಲಿಲ್ಲ. ನೀನು ಮೂಲೆಯಲ್ಲಿ ಬಾಯಿ ಆಡಿಸುತ್ತಿದ್ದೆ. ಮೆಲ್ಲುವ ಹಾಗೆ, ಚಪ್ಪರಿಸುವ ಹಾಗೆ.

"ಏನ್ರೀ ಪದ್ಮಮ್ಮ, ದೇವ್ರಿಗಿಂತ ಮುಂಚೆ ನಿಮ್ ಮಗಳಿಗೇ ನೈವೇದ್ಯ ಆಗೋಯ್ತಾ?" ಎಂದಳು ಎದುರುಮನೆಯ ರತ್ನಮ್ಮ. ಎಲ್ಲರೂ ನಕ್ಕರು. ಅಮ್ಮ ನಿನ್ನ ದವಡೆ ಹಿಡಿದು ಬಾಯೊಳಗೆ ಬೆರಳು ಹಾಕಿ ತಡಕಾಡಿದಳು. ಏನೂ ಇರಲಿಲ್ಲ. "ನುಂಗ್ಬಿಟ್ಳು ದರಿದ್ರದೋಳು!"

"ತಿಂದಿಲ್ಲಮ್ಮ, ಬಾಯಿ ತಾನೇ ಆಡುತ್ತೆ..." ಯಾರು ಕೇಳಿದರು? ಎಂಜಲಾಯಿತೆಂದು ಒಬ್ಬಟ್ಟೆಲ್ಲ ಹಸುವಿನ ಪಾಲಾಯಿತು. ಸಾಯುವವರೆಗೂ ನೀನು ಅಡುಗೆಮನೆಯ ಹೊಸಿಲು ದಾಟಲಿಲ್ಲ. ವಠಾರದ ಮಕ್ಕಳಿಗೆ ನೀನು 'ಒಬ್ಬಟ್ಟಕ್ಕ'.

ಆಸ್ಪತ್ರೆಯಲ್ಲಿ ನಿನ್ನ ಜೊತೆ ನಿಂತದ್ದು ನೆನಪಾಗುತ್ತದೆ. ಆ ಹಬ್ಬಕ್ಕೂ ವರ್ಷಗಳ ಮೊದಲಿನಿಂದ ನಿನಗೆ ಕೊಡಿಸುತ್ತಿದ್ದ ತಿಂಗಳ ಇಂಜೆಕ್ಷನ್ನನ್ನು ಅಮ್ಮ ಊರಿಗೆಲ್ಲ 'ಶಕ್ತಿಗೆ' ಎಂದಿದ್ದಳು. ಬಾಯಾಟದ ವಿಷಯ ಹೇಳಿದರೆ ಡಾಕ್ಟರು ತಲೆ ಎತ್ತದೆ, "ಕಾಯಿಲೆ ಜಾಸ್ತಿ ಆಗಿದೆ" ಎಂದು ಔಷಧಿಯನ್ನೇ ಜಾಸ್ತಿ ಮಾಡಿದ. ನಿನ್ನ ಮುಖ ನೋಡಲು ಆ ಮನುಷ್ಯನಿಗೆ ಒಂದು ಗಳಿಗೆಯೂ ಸಿಗಲಿಲ್ಲವೆ? ಆಮೇಲೆ ನಾಲಿಗೆ ಹೊರಳಿತು, ಬೆರಳು ಕುಣಿದವು, ಭುಜ...

ಹೋದ ತಿಂಗಳು ನಮ್ಮ ಮಹಿಳಾ ಸಂಘಟನೆಯ ಆರೋಗ್ಯ ಶಿಬಿರದಲ್ಲಿ ನಿನ್ನ ಹಾಗೇ ಬಾಯಿ ಆಡಿಸುವ ಇನ್ನೊಬ್ಬ ಹೆಂಗಸನ್ನು ಕಂಡೆ. ಅಲ್ಲಿದ್ದ ಡಾಕ್ಟರಮ್ಮ ಹೇಳಿದರು: ಈ ಬಾಯಾಟ ಹುಚ್ಚಲ್ಲ, ಮನಸ್ಸಿನ ಕಾಯಿಲೆಯ ಕೆಲವು ಔಷಧಿಗಳನ್ನು ವರ್ಷಗಟ್ಟಲೆ ಕೊಟ್ಟರೆ ಕೆಲವರಿಗೆ ಹೀಗಾಗುತ್ತದೆ, ಬೇಗ ಗುರುತಿಸಿದರೆ ಔಷಧಿ ಬದಲಿಸಬಹುದು. ಔಷಧಿಯೇ ಬೇಡವಾಗಿತ್ತು ಎನ್ನಲಾರೆ ಅಕ್ಕ. ನಿನ್ನ ಕಿವಿಯೊಳಗೆ ಬೈಯುತ್ತಿದ್ದ ದನಿಗಳನ್ನು ಅಡಗಿಸಿದ್ದು ಅದೇ. ಆದರೆ ಕೊಟ್ಟವರು ನಿನ್ನನ್ನು ನೋಡಬೇಕಿತ್ತು.

ಅಮ್ಮನಿಗೆ ಹೇಳಿದೆ. "ಹಾಗಾದ್ರೆ ಅವ್ಳು ತಿಂದಿರ್ಲಿಲ್ವಾ?" ಎಂದು ಎದ್ದು ಬಾಗಿಲು ಮುಚ್ಚಿದಳು. ಅಳುತ್ತಾಳೆ ಅಂದುಕೊಂಡೆ.

"ಯಾರ್ ಹತ್ರಾನೂ ಬಾಯ್ಬಿಡ್ಬೇಡ ಕಣೇ. ಯಾವ್ ಕಾಯ್ಲೆಗೆ ಔಷಧಿ ಅಂತ ಕೇಳ್ತಾರೆ. ಭಾನುವಾರ ನಿನ್ ಮಗಳು ಶಶೀನ ನೋಡೋಕೆ ಗಂಡಿನ ಕಡೆಯೋರು ಬರ್ತಿದಾರೆ. ಸರೋಜ ಕಳ್ಳಿ ಅಂತಾನೇ ಇರ್ಲಿ ಬಿಡು. ಹುಚ್ಚಿ ಅನ್ನಿಸ್ಕೊಳ್ಳೋದಕ್ಕಿಂತ ವಾಸಿ."

ಭಾನುವಾರ ಬರಲಿ. ಉಪ್ಪಿಟ್ಟಿನ ತಟ್ಟೆ ಹಿಡಿದು ಆ ಹನುಮಂತನಗರದ ಗಂಡಿನ ಕಡೆಯವರು "ಮನೇಲಿ ಯಾರ್ಯಾರಿದೀರಿ?" ಎಂದಾಗ ಮೊದಲು ನಿನ್ನ ಹೆಸರು ಹೇಳುತ್ತೇನೆ. ಆಮೇಲೆ ನಿನ್ನ ಕಾಯಿಲೆಯ ಹೆಸರು. ಆಮೇಲೆ ನಾವು ಮಾಡಿದ್ದು.

ಶಶಿಯನ್ನೇ ಕೇಳಿದೆ, ಅವರು ಎದ್ದು ಹೋದರೆ ಏನೇ ಅಂತ. "ಹೋಗ್ಲಿ ಬಿಡಮ್ಮ," ಎಂದಳು, "ಬಂದ ತಕ್ಷಣ ಅವ್ರ್ ಚಪ್ಪಲೀನ ನಾನೇ ಬೀದಿ ಕಡೆ ತಿರುಗಿಸಿಟ್ಟಿರ್ತೀನಿ."

ನಿನ್ನ ತಂಗಿ,
ಸುಶೀಲ