ಬಟ್ಟಲೊಳಗಿನ ಗೆರೆಗಳು

೭ ಜನವರಿ, ಬುಧವಾರ

ಯಾವ ಕ್ರೀಮು ಎಂದು ವಾರದಿಂದ ತಲೆ ಕೆಡಿಸಿಕೊಂಡಿದ್ದೆ. ಈ ಚಳಿಗೆ ಹಿಮ್ಮಡಿ ಒಡೆದು ಶನಿವಾರ ರಕ್ತವೇ ಬಂದಿತ್ತು. ಇವತ್ತು ಚನ್ನರಾಯಪಟ್ಟಣದ ಮೆಡಿಕಲ್ ಅಂಗಡಿಯಲ್ಲಿ ಕೇಳಿದೆ. "ವಾಸ್ನೆ ಇರೋದು ಬ್ಯಾಡ ಕಣಕ್ಕ, ಗಟ್ಟಿ ಕ್ರೀಮೇ ತಗಳಿ. ಕಾಲು ತೊಳ್ದು ತ್ಯಾವ ಇರೋವಾಗ್ಲೇ ಅಚ್ಕಳಿ," ಅಂದ ಅಂಗಡಿಯವನು. ಅದನ್ನೇ ಕೊಂಡು ತಂದೆ.

ಅತ್ತೆ ಇದ್ದಿದ್ದರೆ ಬೈಯುತ್ತಿದ್ದರು. ಅವರಿಗೆ ಎಲ್ಲಕ್ಕೂ ಕೊಬ್ಬರಿ ಎಣ್ಣೆಯೇ. ಚಳಿಗೆ ಬಟ್ಟಲಲ್ಲಿ ಗಟ್ಟಿಯಾದ ಎಣ್ಣೆಯನ್ನು ಬೆರಳಲ್ಲಿ ಬಳಿದು ಮೊದಲು ನನ್ನ ಕಾಲಿಗೆ ಹಚ್ಚುವರು, ಆಮೇಲೆ ತಮ್ಮ ಕಾಲಿಗೆ. ಮೇವು ಕತ್ತರಿಸುವ ಮಿಷನ್ನಿಗೆ ಸಿಕ್ಕಿ ಅವರ ನಡುಬೆರಳು ಹೋಗಿತ್ತು. ಹಾಗಾಗಿ ಎಣ್ಣೆಯಲ್ಲಿ ಬಳಿದ ಗುರುತಿನಲ್ಲಿ ನಡುಬೆರಳಿನ ಗೆರೆ ಇರುತ್ತಿರಲಿಲ್ಲ.

ಹೋದ ತಿಂಗಳು ಅವರ ಹನ್ನೊಂದನೇ ದಿನಕ್ಕೆ ಎಡೆ ಇಟ್ಟೆವು. ಮುದ್ದೆ, ಎಲೆಅಡಿಕೆ, ಹೊಗೆಸೊಪ್ಪು ಎಲ್ಲ ಇಟ್ಟು ಎಣ್ಣೆ ಬಟ್ಟಲೊಂದನ್ನು ಮರೆತೆವು.

ಭಾನುವಾರದಿಂದ ದಿನಾ ಬೆಳಿಗ್ಗೆ ಆ ಎಣ್ಣೆಯಲ್ಲಿ ಬಳಿದ ಗುರುತು. ಅದರಲ್ಲೂ ನಡುಬೆರಳಿನ ಗೆರೆ ಇಲ್ಲ. ಒಲೆ ಪಕ್ಕ ಇಟ್ಟು ಕರಗಿಸಿ, ಮಟ್ಟಸವಾಗಿ ಹೆಪ್ಪುಗಟ್ಟಲು ಬಿಟ್ಟು ಮುಚ್ಚಿದರೂ ಅಷ್ಟೇ.

"ಇಲಿ ಕಣೆ, ಸುಮ್ಕೆ ಮನೀಕೊ," ಅಂದರು ನಮ್ಮೆಜಮಾನರು.

ಇಲಿಯೇ ಇರಲಿ ಎಂದುಕೊಂಡು ಈಗ ಕ್ರೀಮು ಹಚ್ಚಲು ಮಂಚದ ಮೇಲೆ ಕೂತು ಕಾಲುಚೀಲ ಕಳಚಿದೆ. ಹಿಮ್ಮಡಿಯಲ್ಲಿ ಒಂದು ಬಿರುಕೂ ಇಲ್ಲ. ನೋವು ಯಾವಾಗ ನಿಂತಿತೋ ನೆನಪಿಲ್ಲ. ಕ್ರೀಮಿನ ಸೀಲು ಇನ್ನೂ ಒಡೆದಿಲ್ಲ. ನಾನು ಕಾಲಿಗೆ ಎಣ್ಣೆ ಮುಟ್ಟಿಸಿ ತಿಂಗಳಾಯಿತು. ಆದರೂ ಕಾಲುಚೀಲದ ಒಳಗೆಲ್ಲ ಕೊಬ್ಬರಿ ಎಣ್ಣೆ ವಾಸನೆ.

ಮೊದಲು ನನ್ನ ಕಾಲಿಗೆ. ಆಮೇಲೆ ತಮ್ಮ ಕಾಲಿಗೆ ಹಚ್ಚಿಕೊಳ್ಳಲು ಎಲ್ಲಿ ಕೂರುತ್ತಾರೋ. ಮಂಚದ ಈ ತುದಿಯಲ್ಲೇ ಇರಬೇಕು, ನಾನೀಗ ಕೂತಿರುವ ಈ ಜಾಗದಲ್ಲೇ...