ನಾಳೆ ನಾನು ಹೇಳಬೇಕಾದ ಸಾಕ್ಷಿ

ಅಕ್ಟೋಬರ್ ೧೪, ಮಂಗಳವಾರ. ನಾಳೆ ಹನ್ನೊಂದಕ್ಕೆ ಕೋರ್ಟಿನಲ್ಲಿ ನನ್ನ ಸಾಕ್ಷಿ.

ಸಂಜೆ ಅಣ್ಣ ಬಂದಿದ್ದ. "ಕಾರಲ್ಲಿ ಓದ್ತಾ ಕೂತಿದ್ದೆ, ಏನೂ ನೋಡ್ಲಿಲ್ಲ ಅಂತ ಹೇಳು, ಸಾಕು. ಪುಸ್ತಕ ಹಿಡಿದ್ರೆ ನಿಂಗೆ ಲೋಕದ ಪರಿವೆ ಇರಲ್ಲ ಅಂತ ಊರಿಗೇ ಗೊತ್ತು. ಹತ್ತೊಂಬತ್ತು ವರ್ಷಕ್ಕೆ ನನ್ನ ಮಗಳು ಜೈಲಿಗೆ ಹೋಗ್ಬೇಕಾ?"

ಓದುತ್ತಿದ್ದದ್ದು ನಿಜ, ಅನುವಾದದ ಕಾದಂಬರಿ. ಆದರೆ ಅಧ್ಯಾಯ ಮುಗಿದು ತಲೆಯೆತ್ತಿದಾಗ ಸ್ಪೀಡಿನ ಮುಳ್ಳು ತೊಂಬತ್ತರಲ್ಲಿತ್ತು. "ನಿಧಾನ ಕಣೇ" ಎಂದೆ, ಕಾರು ಓಡಿಸುತ್ತಿದ್ದ ಅಣ್ಣನ ಮಗಳಿಗೆ. "ಅತ್ತೆ, ನೀನು ಮುಂದಿನ ಅಧ್ಯಾಯ ಓದು" ಎಂದು ನಕ್ಕಳು. ಅವಳು ತೊಟ್ಟಿಲಲ್ಲಿದ್ದಾಗಿನಿಂದಲೂ ಆ ನಗುವಿಗೆ ನಾನು ಸೋತವಳು. ನಾನೂ ನಕ್ಕುಬಿಟ್ಟೆ. ತಿರುವಿನಲ್ಲಿ ನಮ್ಮ ಬೀದಿಯ ಅಂಚೆಯಣ್ಣ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಅಲ್ಲೇ ಅವರ ಪ್ರಾಣ ಹೋಯಿತು.

ಈ ವಯಸ್ಸಿನವರನ್ನು ಜೈಲಿಗೆ ಕಳಿಸಬಾರದೆಂದೇ ಈಗಲೂ ಅನ್ನಿಸುತ್ತದೆ. ಅಲ್ಲಿಂದ ಅವಳು ಹೇಗೆ ಮರಳಿಯಾಳು? ಬೇಡವೆಂದು ನ್ಯಾಯಾಧೀಶರ ಮುಂದೆ ಕೈಮುಗಿದೇನು. ಆದರೆ ಮುಳ್ಳನ್ನು ನಾನು ಕೆಳಗಿಳಿಸಲಾರೆ. ಅಂಚೆಯಣ್ಣನ ಹೆಂಡತಿಯೂ ಅಲ್ಲಿ ಕೂತಿರುತ್ತಾರೆ.

ಆಮೇಲೆ ಅವಳೇ ಫೋನ್ ಮಾಡಿದಳು.

"ಅಪ್ಪ ಹೇಳಿದ್ದಕ್ಕೆ ಹೂಂ ಅಂದ್ಯಾ ಅತ್ತೆ?"

"ಇಲ್ಲ ಪುಟ್ಟಿ."

"ಭಯ ಆಗ್ತಿದೆ. ಊಟ ಮಾಡಿದ್ಯಾ ನೀನು?"

ಇಂಥ ಹೊತ್ತಿನಲ್ಲೂ ನನ್ನ ಊಟ ಕೇಳುವ ಹುಡುಗಿ.

ತೊಂಬತ್ತು ಎಂದೇ ಹೇಳುತ್ತೇನೆ. ಪಕ್ಕದಲ್ಲಿ ಕೂತು ನಾನೂ ನಕ್ಕೆನೆಂಬುದನ್ನೂ ಹೇಳುತ್ತೇನೆ. ಮನೆಯಿಂದ ಹೊರಡುವ ಮೊದಲೇ ಅಣ್ಣನಿಗೆ ಇದನ್ನು ತಿಳಿಸಬೇಕು.